ಸೀಟಿನ ಕಂಬದ ಗೀಟುಗಳು

ಹಾರ್ಲಿಂಗನ್ ಬಂದರಿನ ಹಿಂದೆ, ಉಪ್ಪುಗಾಳಿಗೆ
ಸರಪಳಿಗಳು ಅವಧಿಗೆ ಮುಂಚೆಯೇ ತುಕ್ಕು ಹಿಡಿಯುವ ಬೀದಿಯಲ್ಲಿ
ನನ್ನದೊಂದು ಸೈಕಲ್ ರಿಪೇರಿ ಅಂಗಡಿ.
ಊರಿನ ಕಾಲುಗಳ ಲೆಕ್ಕವೆಲ್ಲ ನನ್ನ ಬಳಿ:
ಯಾರ ಸೀಟು ಎಷ್ಟು ಮೇಲೆ, ಯಾರದು ಈ ವರ್ಷ
ಬೆರಳಗಲ ಇಳಿಯಿತು, ಯಾವ ವಿಧವೆ
ಗಂಡನ ಸೈಕಲ್ಲನ್ನು ತನ್ನ ಅಳತೆಗೆ ತಗ್ಗಿಸದೆ
ತುದಿಗಾಲಲ್ಲೇ ತುಳಿಯುತ್ತಾಳೆ.

ನಾನು ಒಂದು ಮೀಟರ್ ಅರವತ್ತಾರು.
ಈ ದೇಶದಲ್ಲಿ ಅದು ಎತ್ತರವಲ್ಲ, ಸಮಾಚಾರ.
ಬಾರಿನಲ್ಲಿ ನನ್ನ ತಲೆಯ ಮೇಲಿಂದಲೇ
ಗ್ಲಾಸುಗಳು ಕೈ ಬದಲಾಯಿಸುತ್ತವೆ.
ಜೊತೆ ಹುಡುಕುವ ತಾಣದಲ್ಲಿ ಎಪ್ಪತ್ತೊಂದು ಎಂದು ಬರೆದಿದ್ದೆ.
ಐದು ಸೆಂಟಿಮೀಟರ್ ಸುಳ್ಳು,
ಬೂಟಿನ ಹಿಮ್ಮಡಿಯಲ್ಲಿ ಬಚ್ಚಿಡಬಹುದಾದಷ್ಟು.
ಆದರೂ, 'ಒಂದು ತೊಂಬತ್ತಕ್ಕಿಂತ ಕಡಿಮೆಯವರು ದಯವಿಟ್ಟು ಬೇಡ'
ಎಂಬಲ್ಲಿ ಒಂದು ದಯವಿಟ್ಟು ಇದೆಯಲ್ಲ,
ಅದು ಬಲು ಸಭ್ಯವಾಗಿ ಕತ್ತು ಹಿಡಿದು ಹೊರದಬ್ಬುತ್ತಿತ್ತು.

ಆ ಸಾಲು ಬರೆದವಳೇ ಒಂದು ಮಾರ್ಚ್ ಬೆಳಿಗ್ಗೆ
ಸೈಕಲ್ ತಳ್ಳಿಕೊಂಡು ಬಂದಳು. ಯಿಲ್ಡೌ.
'ಇನ್ನೂ ಉದ್ದದ ಕಂಬ ಇದೆಯಾ, ಸೀಟಿಗೆ?'
ನಾನು ಕತ್ತೆತ್ತಿದೆ; ಎತ್ತುತ್ತಲೇ ಹೋದೆ.
ಫೋಟೋದಿಂದ ಗುರುತು ಹಿಡಿದಳು. 'ಎಪ್ಪತ್ತೊಂದು?'
'ಏಣಿ ಹತ್ತಿದಾಗ,' ಅಂದೆ.
ನಕ್ಕಳು. ನಗುವಾಗ ಬಾಗಿದಳು.
ನನಗೆ ಅಷ್ಟು ಬಾಗು ಸಾಕಾಯಿತು.

ಅವಳ ತಾಯಿ ಬೌಕ್ಯೆಗೆ ಹದಿಮೂರರಲ್ಲಿ
ವೈದ್ಯರು ಮಾತ್ರೆ ಕೊಟ್ಟಿದ್ದರಂತೆ, ಎರಡು ವರ್ಷ, ದಿನಾ ಬೆಳಿಗ್ಗೆ,
ಬೆಳೆಯುವುದು ನಿಲ್ಲಲಿ ಎಂದು.
ನಾಳೆ ಗಂಡು ಸಿಗಬೇಕಲ್ಲ.
ಮೂಳೆಗಳು ಬಾಗಿಲು ಹಾಕಿಕೊಂಡವು. ಗಂಡೂ ಸಿಕ್ಕ.
ಮಗು ಮಾತ್ರ ಹನ್ನೊಂದು ವರ್ಷ ಕಾಯಿಸಿತು,
ಬಂದದ್ದೇ, ತಾಯಿಯ ಬಾಕಿಯನ್ನೂ ಸೇರಿಸಿಕೊಂಡಂತೆ,
ಒಂದು ಮೀಟರ್ ತೊಂಬತ್ತೊಂದಕ್ಕೆ ಹೋಗಿ ನಿಂತಿತು.
ಮಾತ್ರೆ ತಡೆದದ್ದು ತಾಯಿಯನ್ನು;
ರಕ್ತಕ್ಕೆ ಆ ಚೀಟಿ ಯಾರೂ ಓದಿ ಹೇಳಿರಲಿಲ್ಲ.

ಮದುವೆಯ ದಿನ ಬೌಕ್ಯೆ ನನ್ನನ್ನು
ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊತ್ತೇನೂ ಹಿಡಿಯಲಿಲ್ಲ.
'ನನಗೆ ಯಾರೂ ಹೇಳಲೇ ಇಲ್ಲ,' ಅಂದಳು,
'ಗಂಡೂ ಕತ್ತೆತ್ತಬಹುದು ಅಂತ.'

ಈಗ ನಮ್ಮ ಹಿಸ್ಕೆಗೆ ಹದಿಮೂರು, ಅಜ್ಜಿ ಮಾತ್ರೆ ನುಂಗಿದ ವಯಸ್ಸು.
ದಾದಿ ಲೆಕ್ಕ ಹಾಕಿ ಕೊಟ್ಟಳು: ಅಪ್ಪ ಅಮ್ಮನನ್ನು ಕೂಡಿಸು,
ಹೆಣ್ಣಾದರೆ ಹದಿಮೂರು ಕಳೆ, ಅರ್ಧ ಮಾಡು,
ಮೇಲೊಂದು ಚೂರು ಕೊಸರು ಹಾಕು.
ಒಂದು ಎಪ್ಪತ್ತಾರು ಚಿಲ್ಲರೆ,
ಆಚೆಗೊಂದು ಅಂಗೈ, ಈಚೆಗೊಂದು ಅಂಗೈ.
ಹಸಿವಿನ ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ನನ್ನಪ್ಪ,
ಅವನ ಕುಳ್ಳತನದಲ್ಲಿ ರಕ್ತದ ಪಾಲೆಷ್ಟು,
ಹುರಿದ ಟ್ಯೂಲಿಪ್ ಗಡ್ಡೆಯ ಪಾಲೆಷ್ಟು,
ಆ ಲೆಕ್ಕದಲ್ಲಿ ಅದಕ್ಕೆ ಮನೆಯೇ ಇಲ್ಲ.

'ಅಪ್ಪ, ಕ್ಲಾಸಿನವರೆಲ್ಲ ಪಟ್ಟಿ ಮಾಡ್ತಿದಾರೆ,
ಹುಡುಗ ಇಷ್ಟೆತ್ತರ ಇರಬೇಕು ಅಂತ. ನಾನೇನು ಬರೀಲಿ?'
'ಬ್ರೇಕು ಸರಿಯಿರಬೇಕು ಅಂತ ಬರಿ.'
ಅವಳು ನಗಲಿಲ್ಲ.

ಮನೆಗೆಲ್ಲ ಸೇರಿ ಒಂದು ಸಾಮಾನಿನ ಸೈಕಲ್.
ಸೀಟಿನ ಕಂಬದ ಮೇಲೆ ಮೊಳೆಯಲ್ಲಿ ಗೀರಿದ ಮೂವರ ಗೀಟು.
ಕಂಬ ಹೊರಗೆಳೆದು ನೋಡಿ:
ಎತ್ತರದವಳ ಗೀಟೇ ತಳದಲ್ಲಿರುತ್ತದೆ.
ನನ್ನದು ಮೇಲೆ. ನನಗಿಂತಲೂ ಮೇಲಿದ್ದ ಹಿಸ್ಕೆ
ವರ್ಷ ವರ್ಷ ಇಳಿದಿಳಿದು
ಈ ಏಪ್ರಿಲಿನಲ್ಲಿ ನನ್ನ ಗೀಟನ್ನು ಮುಟ್ಟಿದ್ದಳು.

ನಿನ್ನೆ ಬ್ರೆಡ್ಡು ತರಲು ಹತ್ತಿ ಕೂತರೆ
ಕಾಲು ನೆಲ ಹುಡುಕಿತು.
ರಾತ್ರಿ ಯಾರೋ ಬಿಚ್ಚಿ, ಬೆರಳಗಲ ಏರಿಸಿ,
ನಟ್ಟು ಬಿಗಿಮಾಡಿಟ್ಟಿದ್ದರು,
ನಾನು ಕಲಿಸಿದ ಹಾಗೆಯೇ, ಕೊನೆಯ ಕಾಲು ಸುತ್ತನ್ನು ಮೆಲ್ಲಗೆ.
ಸ್ಪ್ಯಾನರ್ ಜೇಬಿನಲ್ಲೇ ಇತ್ತು.
ಇಳಿಸಲಿಲ್ಲ.
ಎದುರುಗಾಳಿಯಲ್ಲಿ, ಬೇಕರಿಯವರೆಗೂ,
ತುದಿಗಾಲಲ್ಲೇ ತುಳಿದೆ.